ಮೊದಲ ಗುದ್ದಲಿ ಯಾರದು

ಸರ್ಕಾರದ ಕಟ್ಟಡ ಕೆಲಸಕ್ಕೆ ಹೊಸದಾಗಿ ಓವರ್ಸಿಯರ್ ಆಗಿ ಸೇರಿದ ಹುಡುಗರು ಒಬ್ಬಿಬ್ಬರು ಈಚೆಗೆ ಯಲಹಂಕದ ನಮ್ಮ ಮನೆಗೆ ಬಂದು, ಕಾಫಿ ಕುಡಿದು, "ಸಾರ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಗಾರೆಗೆ ಸುಣ್ಣ ಎಷ್ಟು, ಮರಳು ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳಬಲ್ಲೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ಪುಸ್ತಕದಲ್ಲಿದೆ. ಓವರ್ಸಿಯರ್ ಆಗಿದ್ದ ನಾನು ಸರ್ವಿಸಿನಲ್ಲಿ ಸಂಕಟಪಟ್ಟದ್ದು ಗಾರೆಯಿಂದಲ್ಲ, ಗೋಡೆಯಿಂದಲ್ಲ. ಬಡವರಿಗೆ ಒಳ್ಳೆಯದಾಗಲಿ ಎಂದು ಮೇಲಿನವರು ಮಾಡಿದ ಒಂದು ನಿಯಮದಿಂದ. ಅದನ್ನು ಹೇಳಲು ಹೊರಟರೆ ಹುಡುಗರು ಗಡಿಯಾರ ನೋಡಿಕೊಳ್ಳುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ. ಓದುವವರು ಎಲ್ಲಿ ಬೇಸರವಾದರೆ ಅಲ್ಲಿ ಎದ್ದು ಹೋಗಬಹುದು, ನನಗೆ ಕಾಣುವುದಿಲ್ಲ.

ನನ್ನ ಸ್ವಭಾವವನ್ನೂ ಮೊದಲೇ ತಿಳಿಸಿಬಿಡುತ್ತೇನೆ. ನಾನೇ ನಿಂತು ಕಟ್ಟಿಸಿದ ಮೋರಿಯ ಮೇಲೆ ಬಸ್ಸು ಹೋಗುವಾಗ ಬಸ್ಸಿನೊಳಗೆ ಕೂತು ಕಣ್ಣು ಮುಚ್ಚಿಕೊಳ್ಳುವವನು ನಾನು. ಮಳೆ ಬಂದರೆ ಸೋರೀತು ಎಂದು ಚಿಂತೆ, ಬರದಿದ್ದರೆ ಸೋರುವುದು ತಿಳಿಯುವುದಾದರೂ ಹೇಗೆ ಎಂದು ಚಿಂತೆ. "ರೀ, ನೀವು ಚಿಂತೆ ಮಾಡಿದ್ದಕ್ಕೆಲ್ಲ ಸರ್ಕಾರ ಭತ್ಯೆ ಕೊಟ್ಟಿದ್ದರೆ ಇಷ್ಟೊತ್ತಿಗೆ ನಾವು ಮಹಡಿ ಮನೇಲಿ ಇರ್ತಿದ್ವಿ" ಎಂದು ನನ್ನ ಹೆಂಡತಿ ಹೇಳುವುದುಂಟು. ಇಂಥವನ ಕೈಗೆ ಆ ನಿಯಮ ಬಂದು ಬಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಎಲ್ಲೆಲ್ಲೂ ಸಹಕಾರದ ಮಾತು. ಮೋರಿ, ಶಾಲೆಯ ಕೋಣೆ, ಕೆರೆ ಏರಿಯ ದುರಸ್ತಿ, ಇಂಥ ಸಣ್ಣ ಕೆಲಸಗಳನ್ನು ದೊಡ್ಡ ಕಂಟ್ರಾಕ್ಟರುಗಳಿಗೆ ಕೊಡದೆ, ಕೂಲಿಯವರು ತಾವೇ ಸೇರಿ ಮಾಡಿಕೊಂಡ ಸಹಕಾರ ಸಂಘಗಳಿಗೆ ಮೊದಲು ಕೊಡಬೇಕು ಎಂದಾಯಿತು. ಅವರ ದರ ತುಸು ಹೆಚ್ಚಿದ್ದರೂ ಅವರಿಗೇ. ಅವರಿಂದ ಠೇವಣಿ ಕೇಳಕೂಡದು. ಒಂದೇ ಒಂದು ಷರತ್ತು: ಸಂಘದ ಹಿಂದೆ ಯಾವ ಕಂಟ್ರಾಕ್ಟರೂ ಅಡಗಿರಬಾರದು. ಅಡಗಿದ್ದರೆ ಕೆಲಸ ರದ್ದು, ಸಂಘದ ಹೆಸರು ಪಟ್ಟಿಯಿಂದ ಔಟು. ಉದ್ದೇಶದಲ್ಲಿ ಒಂದು ಚುಕ್ಕೆಯಷ್ಟೂ ತಪ್ಪಿರಲಿಲ್ಲ. ತಪ್ಪೆಲ್ಲ ಆಮೇಲೆ ಶುರುವಾದದ್ದು.

ಮೊದಲನೆಯ ಕಾಟ ಲೆಕ್ಕಪತ್ರದವರದು. ಠೇವಣಿ ಬೇಡ ಎಂದು ಒಂದು ಕಡೆಯಿಂದ ಸುತ್ತೋಲೆ ಬಂತಲ್ಲ, ಅದನ್ನು ನಂಬಿ ಒಂದು ಸಂಘದ ಕಾಗದ ಕಳಿಸಿದೆ. ಠೇವಣಿಯ ರಶೀದಿ ಎಲ್ಲಿ ಎಂದು ವಾಪಸ್ಸು ಬಂತು. ಸುತ್ತೋಲೆಯ ನಕಲು ಸೇರಿಸಿ ಮತ್ತೆ ಕಳಿಸಿದೆ. "ಠೇವಣಿ ಇಟ್ಟಿಲ್ಲ ಎಂಬುದಕ್ಕೆ ರಶೀದಿ ಲಗತ್ತಿಸಿ" ಎಂದು ಬಂತು. ಇಡದ ಹಣಕ್ಕೆ ಯಾರಾದರೂ ರಶೀದಿ ಕೊಡುತ್ತಾರೆಯೇ ಎಂದು ಕೇಳೋಣವೆಂದು ಸೈಕಲ್ಲು ತುಳಿದುಕೊಂಡು ಆ ಕಚೇರಿಗೇ ಹೋದೆ. ಅಲ್ಲಿದ್ದ ಗುಮಾಸ್ತರು ಕನ್ನಡಕ ಮೇಲೆತ್ತಿ, "ಕೊಡೋದಿಲ್ಲ ಕಣ್ರೀ, ಆದರೆ ಕೇಳೋದು ನಮ್ಮ ಕರ್ತವ್ಯ ಅಲ್ವಾ?" ಎಂದರು. ಬಂದ ದಾರಿಯಲ್ಲೇ ಸೈಕಲ್ಲು ತುಳಿದೆ.

ಎರಡನೆಯದು ಯಶವಂತಪುರದ ಕಡೆಯ ಒಂದು ಸಂಘ. ಅದರ ಕಾಗದಪತ್ರ ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೆ ಆಗಲೇ ಅನುಮಾನ ಬಂತು. ತನಿಖೆಗೆ ಹೋದರೆ ಸದಸ್ಯರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಕೈಯಲ್ಲಿ ಹೊಸ ಗುದ್ದಲಿ. ಕಾವಿಗೆ ಅಂಗಡಿಯವನು ಸುತ್ತಿದ ಗೋಣಿದಾರ ಇನ್ನೂ ಬಿಚ್ಚಿರಲಿಲ್ಲ. ಅಧ್ಯಕ್ಷ ಎಂದು ಮುಂದೆ ಬಂದವನು ಒಬ್ಬ ಕಂಟ್ರಾಕ್ಟರನ ಭಾಮೈದ, ದರ್ಜಿ. ಅಂಗಡಿಯಿಂದ ನೇರ ಎಬ್ಬಿಸಿಕೊಂಡು ಬಂದಿದ್ದರೆಂದು ಕಾಣುತ್ತದೆ, ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ನೇತಾಡುತ್ತಿತ್ತು. ನನ್ನ ಜೊತೆಗಿದ್ದ ಆಗಿನ ಸಾಹೇಬರು ಅದನ್ನು ನೋಡಿ ಬಹಳ ಮೆಚ್ಚಿಕೊಂಡರು. "ನೋಡಿ, ಕೂಲಿಯವರಾದರೂ ಎಷ್ಟು ಶಿಸ್ತು! ಟೇಪು ತಂದಿದಾರೆ. ನೀವು ತಂದಿದೀರಾ?" ಎಂದು ನನ್ನನ್ನು ಕೇಳಿದರು. ನಾನು ತಂದಿರಲಿಲ್ಲ. ಸಂಘಕ್ಕೆ ಕೆಲಸ ಸಿಕ್ಕಿತು, ನನಗೆ ಬುದ್ಧಿವಾದ ಸಿಕ್ಕಿತು.

ಆ ಸಾಹೇಬರು ವರ್ಗವಾಗಿ ಹೊಸ ಎಕ್ಸಿಕ್ಯೂಟಿವ್ ಇಂಜಿನಿಯರ್ ಬಂದರು. ಇವರನ್ನು ದೊಡ್ಡ ಸಾಹೇಬರು ಎಂದೇ ಕರೆಯುತ್ತೇನೆ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಕಂಟ್ರಾಕ್ಟರನ ಮನೆಯ ನೀರನ್ನೂ ಮುಟ್ಟದ ಮನುಷ್ಯ. ಇಂಥವರು ಬಂದರೆ ನಮ್ಮ ಕಷ್ಟ ತೀರುತ್ತದೆ ಎಂದುಕೊಂಡಿದ್ದೆ. ಹುಡುಗರೇ, ಇದನ್ನು ಗುರುತು ಹಾಕಿಕೊಳ್ಳಿ: ಅಪ್ರಾಮಾಣಿಕ ಮೇಲಧಿಕಾರಿಯ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಬಹುದು, ಪ್ರಾಮಾಣಿಕರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲು ಬರುವುದಿಲ್ಲ. ಕಂಟ್ರಾಕ್ಟರು ಏನು ಕೇಳಿದರೂ ಕೊಡಬಾರದು ಎಂಬುದು ಅವರ ಒಂದೇ ಸೂತ್ರ. ಒಬ್ಬ ಕಂಟ್ರಾಕ್ಟರ್ ಬಾವಿಯ ಸುತ್ತ ಕಟ್ಟೆ ಎತ್ತರಿಸೋಣ, ಮಕ್ಕಳು ಬಿದ್ದಾರು ಎಂದದ್ದಕ್ಕೆ, ಇವನು ಕೇಳುತ್ತಿದ್ದಾನೆ ಎಂದರೆ ಏನೋ ಲಾಭವಿದೆ ಎಂದು ಇದ್ದ ಕಟ್ಟೆಯನ್ನೇ ಇಳಿಸಲು ಹೊರಟಿದ್ದರು. ಊರಿನವರು ಬಂದು ಕೂತದ್ದರಿಂದ ಉಳಿಯಿತು.

ಇಂಥ ದಿನಗಳಲ್ಲಿ ಯಲಹಂಕದ ಬಳಿಯ ಸಿಂಗಾಪುರವೆಂಬ ಹಳ್ಳಿಯಲ್ಲಿ ಶಾಲೆಗೆ ಎರಡು ಕೋಣೆ ಕಟ್ಟುವ ಕೆಲಸ ಬಂತು. ಆಗ ಸಿಂಗಾಪುರವೆಂದರೆ ರಾಗಿ ಹೊಲ, ಹುಣಸೆಮರ, ನಡುವೆ ಒಂದಿಷ್ಟು ಮನೆ. ಕೆಲಸ ಕೇಳಿಕೊಂಡು ಬಂದವನು ಮುನಿಶಾಮಪ್ಪ. ರಾಜಾನುಕುಂಟೆಯ ಆಚೆ ಬಂಡೆ ಒಡೆದು ಬದುಕುತ್ತಿದ್ದ ಹಲವು ಮನೆಯವರು ಸೇರಿ ಸಂಘ ಮಾಡಿಕೊಂಡಿದ್ದರು, ಅದಕ್ಕೆ ಅವನು ಅಧ್ಯಕ್ಷ. ಅವನ ಅಂಗೈ ನೋಡಿದರೆ ತನಿಖೆಯೇ ಬೇಡವಾಗಿತ್ತು. ಆದರೂ ಮಾಡಿದೆ. ಗುಡಿಸಲು ಗುಡಿಸಲಿಗೂ ಹೋಗಿ ಕೇಳಿದೆ. ಕೊನೆಗೆ ಅವನ ಹೆಂಡತಿ ಲಕ್ಕಮ್ಮ ರೇಗಿದಳು.

"ಏನ್ ಸ್ವಾಮಿ, ಎಣ್ಣು ನೋಡಕ್ ಬಂದೋರಂಗೆ ಮನೆಮನೆ ಸುತ್ತುತಾ ಇದೀರಲ್ಲ! ನಾವು ಕಲ್ಲು ಒಡಿಯೋರಾ ಅಲ್ವಾ ಅಂತ ಇನ್ನೂ ಅನುಮಾನ್ವಾ? ಒಂದು ಸುತ್ತಿಗೆ ಕೊಡ್ತೀನಿ, ನೀವೂ ಒಡೀರಿ, ನಾನೂ ಒಡೀತೀನಿ, ಯಾರು ಕೂಲಿ ಯಾರು ಸಾಹೇಬ್ರು ಗೊತ್ತಾಯ್ತದೆ."

"ಸುಮ್ಕಿರೇ" ಎಂದ ಮುನಿಶಾಮಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಇದೊಂದು ಕೆಲ್ಸ ನಮ್ಮೆಸ್ರಲ್ಲಿ ಆಗೋಗ್ಲಿ ಸ್ವಾಮಿ. ಆಗ್ನಿಲ್ಲ ಅಂದ್ರೆ ಎಲ್ರೂ ತಿರ್ಗಾ ಚನ್ನಪ್ಪನೋರ ತಾವೇ ಓಗ್ಬೇಕು. ಆಮೇಲೆ ಸಂಗ ಗಿಂಗ ಅಂತ ಯಾರೂ ಬಾಯಿ ಬಿಡಕ್ಕಿಲ್ಲ" ಎಂದ.

ಚನ್ನಪ್ಪ ಯಲಹಂಕದ ಕಂಟ್ರಾಕ್ಟರು. ತುಂಬಿದ ಮೈ, ಬಾಯಿತುಂಬ ಎಲೆಅಡಿಕೆ, ಊರಿನ ಅರ್ಧ ಹೊಲ ಅವರದೇ. ಮುನಿಶಾಮಪ್ಪನ ಅಪ್ಪನ ಕಾಲದಿಂದ ಈ ಜನ ಅವರ ಕೈಕೆಳಗೆ ದುಡಿದವರು. ಈಗ ಅವರನ್ನು ಬಿಟ್ಟು ಬಂದಿದ್ದರು. ಕಾಗದವೆಲ್ಲ ಸರಿಯಿತ್ತು, ಸಂಘ ನಿಜವಾದದ್ದು, ದೊಡ್ಡ ಸಾಹೇಬರು ರುಜು ಹಾಕಿದರು. ನನಗೆ ಚಿಂತೆ ಮಾಡಲು ಏನೂ ಸಿಗಲಿಲ್ಲ. ಅದೇ ಒಂದು ಚಿಂತೆಯಾಯಿತು.

ಪಾಯ ತೆಗೆಯುವ ದಿನ ಬೆಳಿಗ್ಗೆ ಗುದ್ದಲಿ ಪೂಜೆ. ದೊಡ್ಡ ಸಾಹೇಬರು ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಎಲ್ಲಿಗೋ ಹೊರಟವರು, ಹಿಂದೆ ಕೂತಿದ್ದ ನನಗೆ, "ನಿಮ್ಮ ಸಿಂಗಾಪುರ ಇಲ್ಲೇ ಅಲ್ವೇ? ನೋಡ್ಕೊಂಡು ಹೋಗೋಣ" ಎಂದು ಜೀಪು ತಿರುಗಿಸಿದರು. ಹೋಗಿ ನೋಡುತ್ತೇವೆ: ಸುಣ್ಣದ ಗೆರೆ ಎಳೆದ ಜಾಗದಲ್ಲಿ ಜನ ಸುತ್ತ ನಿಂತಿದ್ದಾರೆ, ತೆಂಗಿನಕಾಯಿ ಒಡೆದಾಗಿದೆ, ನಡುವೆ ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಪಂಚೆ ಎತ್ತಿಕಟ್ಟಿ, ಮೊದಲ ಗುದ್ದಲಿ ಎತ್ತಿ ಹಾಕುತ್ತಿರುವವರು ಸಾಕ್ಷಾತ್ ಚನ್ನಪ್ಪ.

ಸಾಹೇಬರು ಜೀಪಿನಿಂದ ಇಳಿಯಲಿಲ್ಲ. "ಇದೇನು ನಿಮ್ಮ ಕೂಲಿಕಾರರ ಸಂಘ?" ಎಂದರು. ಮುನಿಶಾಮಪ್ಪ ಮುಖ ಅರಳಿಸಿಕೊಂಡು ಪ್ರಸಾದ ಹಿಡಿದು ಓಡಿ ಬಂದ. "ಕೆಲಸ ನಿಲ್ಲಿಸಿ" ಎಂದು ಸಾಹೇಬರು ನನಗೆ ಹೇಳಿದರು, ಅವನಿಗಲ್ಲ. ಜೀಪು ಹೊರಟಾಗ ಅವನ ಕೈಯಲ್ಲಿ ಬಾಳೆಹಣ್ಣು ಹಾಗೇ ಇತ್ತು.

ಮಧ್ಯಾಹ್ನ ಸೈಕಲ್ಲಿನಲ್ಲಿ ವಾಪಸ್ಸು ಹೋದೆ. ಹೋದವನು ಮುನಿಶಾಮಪ್ಪನ ಮೇಲೆ ಕೂಗಾಡಿಬಿಟ್ಟೆ. "ಅಲ್ಲಯ್ಯಾ, ಊರಲ್ಲಿ ಬೇರೆ ಯಾರೂ ಸಿಗಲಿಲ್ಲವಾ ನಿನಗೆ? ಪೂಜಾರಿ ಇದ್ದ, ಶಾನುಭೋಗರಿದ್ದರು, ನಿನ್ನ ಹೆಂಡತಿ ಇದ್ದಳು! ಯಾರ ನೆರಳು ಬೀಳಬಾರದು ಅಂತ ನಿಯಮ ಇದೆಯೋ ಅವರ ಕೈಗೇ ಗುದ್ದಲಿ ಕೊಟ್ಟೆಯಲ್ಲ!"

ಅವನಿಗೆ ನಾನು ಯಾಕೆ ಕೂಗುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. "ಮತ್ತೆ ಇನ್ಯಾರ್ ಕೈಗೆ ಕೊಡಾದು ಸ್ವಾಮಿ? ನಮ್ಮಲ್ಲಿ ಕೆಲ್ಸ ಕೊಟ್ಟೋರು ಮೊದ್ಲು ಗುದ್ದಲಿ ಆಕ್ಬೇಕು. ಇವತ್ತಿನ್ ತಂಕ ಕೊಟ್ಟೋರು ಅವ್ರು. ಬುಟ್ಟು ಬರೋವಾಗ ಏಳ್ದೆ ಕೇಳ್ದೆ ಬಂದ್ರೆ ಆಯ್ತದಾ? ತಟ್ಟೇಲಿ ಎಲೆಅಡಿಕೆ ಇಟ್ಕಂಡು ಮನೆ ತಾವ ಓದೆ. ನಾಳೆ ಬಂದು ಒಂದು ಗುದ್ದಲಿ ಆಕ್ಬುಡಿ ಬುದ್ಧಿ, ಅಲ್ಲಿಗೆ ನಿಮ್ ರುಣ ನಮ್ ರುಣ ತೀರ್ತು ಅಂದೆ. ಅವ್ರು ಮನಸ್ನಾಗೆ ನೊಂದ್ಕಂಡಿದ್ರೆ ನಾವ್ ಕಟ್ಟಿದ್ ಗೋಡೆ ನಿಲ್ತದಾ?"

ಯಶವಂತಪುರದ ದರ್ಜಿ ಅಧ್ಯಕ್ಷನ ಸಂಘದ ಕೆಲಸದಲ್ಲಿ ಅದರ ನಿಜವಾದ ಒಡೆಯನಾದ ಅವನ ಭಾವ ಒಂದು ದಿನವೂ ಜಾಗಕ್ಕೆ ಕಾಲಿಟ್ಟಿರಲಿಲ್ಲ. ದೂರದಲ್ಲಿ ಹುಣಸೆಮರದ ಕೆಳಗೆ ಕೂತು ಬೀಡಿ ಸೇದುತ್ತಾ ಕೈಸನ್ನೆಯಲ್ಲೇ ಕಟ್ಟಡ ಎಬ್ಬಿಸಿದ. ಅವರ ಕಡತದಲ್ಲಿ ಒಂದು ಕಲೆ ಇಲ್ಲ. ಯಜಮಾನನನ್ನು ನಿಜವಾಗಿ ಬಿಟ್ಟು ಬಂದವರು ಮಾತ್ರ ಬಿಟ್ಟು ಬಂದೆವು ಎಂದು ಹಾರ ಹಾಕಿ ಹೇಳಿ ಸಿಕ್ಕಿಬಿದ್ದರು. ನಾನು ತಲೆ ಚಚ್ಚಿಕೊಳ್ಳುವುದಕ್ಕೂ ಒಂದು ಒಳ್ಳೆಯ ಗೋಡೆ ಇನ್ನೂ ಎದ್ದಿರಲಿಲ್ಲ.

ವರದಿ ಬರೆದೆ. ಇದು ಇವರ ಪದ್ಧತಿ, ಕಂಟ್ರಾಕ್ಟರಿಗೆ ಕೆಲಸದಲ್ಲಿ ಪಾಲಿಲ್ಲ, ಹಳೆಯ ಯಜಮಾನನಿಂದ ಒಪ್ಪಿಗೆ ಪಡೆದು ಬೇರೆಯಾಗುವ ಕ್ರಮ ಎಂದು ವಿವರಿಸಿದೆ. ದೊಡ್ಡ ಸಾಹೇಬರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಪದ್ಧತಿ ಎಂಬುದು ನಿಯಮಾವಳಿಯಲ್ಲಿ ಎಲ್ಲಿದೆ ತೋರಿಸಿ ಎಂದು ಬರೆದು ಕಳಿಸಿದರು. ಎದುರಿಗೆ ಹೋಗಿ ನಿಂತೆ.

"ಸಾರ್, ನಿಜವಾಗಿ ಬೇನಾಮಿ ಆಗಿದ್ದರೆ ಹೀಗೆ ಎಲ್ಲರೆದುರಿಗೆ ಹಾರ ಹಾಕಿಸಿಕೊಳ್ಳುತ್ತಿದ್ದರೇ?"

"ಹಾಗೆ ನೀವು ಯೋಚಿಸಲಿ ಅಂತಾನೇ ಹಾಕಿಸಿಕೊಂಡಿರಬಹುದಲ್ಲ?"

ಇದಕ್ಕೆ ಏನು ಹೇಳುತ್ತೀರಿ? ಬಚ್ಚಿಟ್ಟುಕೊಂಡರೆ ಕಳ್ಳ, ಎದುರಿಗೆ ನಿಂತರೆ ಜಾಣಕಳ್ಳ. ಹಾಗಾದರೆ ಕಳ್ಳನಲ್ಲದವನು ಎಲ್ಲಿ ನಿಲ್ಲಬೇಕು ಎಂಬುದನ್ನು ನಿಯಮ ಹೇಳಿರಲಿಲ್ಲ.

ಅತ್ತ ರಾಜಾನುಕುಂಟೆಯಲ್ಲಿ ದಿನ ಹೋದಂತೆ ಜನ ಸಡಿಲವಾಗತೊಡಗಿದರು. ಹೆಬ್ಬಾಳದ ಕಡೆ ರಸ್ತೆಗೆ ಜಲ್ಲಿ ಹಾಕಿಸುವ ಕೆಲಸ ಚನ್ನಪ್ಪನವರಿಗೆ ಸಿಕ್ಕಿತ್ತು. ಅವರ ಮೇಸ್ತ್ರಿ ಬೆಳಿಗ್ಗೆ ಬೆಳಿಗ್ಗೆ ಗುಡಿಸಲುಗಳ ಹತ್ತಿರ ಬಂದು, "ಬರೋರು ಬರ್ರಪ್ಪಾ, ಲಾರಿ ನಿಂತೈತೆ" ಎಂದು ಕೂಗಿ ಹೋಗುತ್ತಿದ್ದ. ಲಕ್ಕಮ್ಮ ಬಾಗಿಲಲ್ಲಿ ನಿಂತು, "ಓಗೋರು ಓಗ್ರಿ. ನಿಮ್ ಮೊಮ್ಮಕ್ಕಳೂ ಇದೇ ಲಾರಿ ಅತ್ಲಿ" ಎಂದು ಬಯ್ಯುತ್ತಿದ್ದಳಂತೆ. ಬೈಗುಳದಿಂದ ಒಲೆ ಎಷ್ಟು ದಿನ ಉರಿದೀತು? ಇಬ್ಬರು ಮೂವರು ಹತ್ತಿಯೂ ಬಿಟ್ಟರು. ಇನ್ನು ಸ್ವಲ್ಪ ತಡವಾದರೆ ಸಂಘದಲ್ಲಿ ಉಳಿಯುವವರು ಗಂಡ ಹೆಂಡತಿ ಇಬ್ಬರೇ ಎಂಬುದು ನನಗೆ ಸ್ಪಷ್ಟವಾಗಿತ್ತು.

ಕೊನೆಗೆ ದೊಡ್ಡ ಸಾಹೇಬರು ವಿಚಾರಣೆಗೆ ಕರೆದರು. ಅವರ ಕೋಣೆಯಲ್ಲಿ ಮುನಿಶಾಮಪ್ಪ ಗೋಡೆಗೆ ಅಂಟಿಕೊಂಡು ನಿಂತ, ನಾನು ಬೆವರುತ್ತಾ ನಿಂತೆ. ಚನ್ನಪ್ಪನವರು ಬರುತ್ತಾರೋ ಇಲ್ಲವೋ ಎಂಬುದೇ ಸಂದೇಹವಾಗಿತ್ತು. ಬಂದರು. ಜರಿ ಅಂಚಿನ ಪಂಚೆ, ಮೇಲೆ ಕೋಟು. ಎಲೆಅಡಿಕೆ ಹೊರಗೇ ಉಗಿದು ಬಂದಿದ್ದರು. ನಾನು ಹಿಂದಿನ ದಿನ ಅವರ ಮನೆಗೆ ಹೋಗಿ, "ಆ ಕೆಲಸಕ್ಕೂ ನನಗೂ ಸಂಬಂಧವಿಲ್ಲ ಅಂತ ಒಂದು ಮಾತು ಹೇಳಿ" ಎಂದು ಬೇಡಿಕೊಂಡಿದ್ದೆ. "ನೋಡಾನ" ಎಂದಷ್ಟೇ ಅಂದಿದ್ದರು. ಅವರು ಹಾಗೆ ಹೇಳಿದರೂ, ಸಂಬಂಧವಿಲ್ಲದವನು ಇವರ ಪರ ಹೇಳಲು ಯಾಕೆ ಬಂದ ಎಂದು ಸಾಹೇಬರು ಕೇಳುತ್ತಾರೆ ಎಂಬುದು ನನಗೆ ಆ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆದಿತ್ತು. ತಿಂಡಿ ಸೇರಲಿಲ್ಲ.

"ಏನ್ರೀ ಚನ್ನಪ್ಪ, ಈ ಸಂಘ ನಿಮ್ಮದೇ ಅಲ್ಲವೇ?" ಸಾಹೇಬರು ಕೇಳಿದರು.

ಚನ್ನಪ್ಪ ಮುನಿಶಾಮಪ್ಪನ ಕಡೆ ನೋಡಲೇ ಇಲ್ಲ. "ಸ್ವಾಮಿ, ನಾನೊಂದು ಕೇಳ್ಕಳಾಕೆ ಬಂದಿವ್ನಿ. ಈ ಕೆಲ್ಸ ರದ್ದು ಮಾಡ್ಬುಡಿ."

ಮುನಿಶಾಮಪ್ಪ ತಲೆ ಎತ್ತಿ ತನ್ನ ಹಳೆಯ ಯಜಮಾನನನ್ನು ನೋಡಿದ.

"ಯಾಕೆ?" ಎಂದರು ಸಾಹೇಬರು.

"ಯಾಕೆ ಅಂದ್ರೆ? ನನ್ ಜಲ್ಲಿ ಕೆಲ್ಸಕ್ಕೆ ಆಳಿಲ್ಲ ಸ್ವಾಮಿ. ಇವ್ರೆಲ್ಲ ಸಂಗ ಅಂದ್ಕಂಡು ಸಿಂಗಾಪುರದ್ ಕೆಲ್ಸ ಕಾಯ್ಕಂಡು ಕೂತವ್ರೆ. ನೀವು ರದ್ದು ಅಂತ ಒಂದ್ ಗೀಟು ಎಳೀರಿ, ನಾಳೆ ಒತ್ತಾರೆ ಎಲ್ರೂ ನನ್ ಲಾರಿ ಅತ್ತುತಾರೆ. ಪಟ್ಟಿಯಿಂದ ಎಸ್ರೂ ಒಡ್ದಾಕ್ಬುಡಿ. ಇವ್ರಿಗೇನ್ ಗೊತ್ತು ಕಟ್ಟಡ ಕಟ್ಟಾದು? ನಿಮ್ಗೂ ತಲೆನೋವು, ನಂಗೂ ನಷ್ಟ. ದೊಡ್ಡ ಮನಸ್ ಮಾಡಿ ರದ್ದು ಮಾಡ್ಬುಡಿ ಸ್ವಾಮಿ."

ದೊಡ್ಡ ಸಾಹೇಬರ ಕಿವಿ ನಿಧಾನವಾಗಿ ಕೆಂಪಾಗುವುದು ನನಗೆ ಕಾಣುತ್ತಿತ್ತು.

"ಅಂದರೆ, ನಿಮ್ಮ ಅನುಕೂಲಕ್ಕೆ ನಾನು ಆರ್ಡರ್ ಬರೆಯಬೇಕು?"

"ಅಂಗಲ್ಲ ಸ್ವಾಮಿ, ನ್ಯಾಯವಾಗಿ..."

"ನ್ಯಾಯ ನನಗೆ ಹೇಳಿಕೊಡಬೇಡಿ! ಕಂಟ್ರಾಕ್ಟರು ಬಂದು ರದ್ದು ಮಾಡಿ ಅಂದರೆ ರದ್ದು, ಮಂಜೂರು ಮಾಡಿ ಅಂದರೆ ಮಂಜೂರು, ಇದೇನು ನಿಮ್ಮ ಮನೆ ಕಣಜವೇ? ಆಚೆ ಹೋಗಿ!" ನನ್ನ ಕಡೆ ತಿರುಗಿ, "ನೀವೇನು ನೋಡ್ತಾ ನಿಂತಿದೀರಿ? ಇವರ ಕೆಲಸ ನಾಳೆಯೇ ಶುರುವಾಗಬೇಕು. ಈ ಮನುಷ್ಯ ಆ ಜಾಗದ ಹತ್ತಿರ ಸುಳಿದರೆ ನಿಮ್ಮನ್ನು ಕೇಳ್ತೀನಿ" ಎಂದರು. ನಾನು ಕಾರಣವಿಲ್ಲದೆ ಎರಡು ಸಲ "ಎಸ್ ಸಾರ್" ಎಂದೆ.

ವರಾಂಡದಲ್ಲಿ ಚನ್ನಪ್ಪನವರು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಾ ನಿಂತಿದ್ದರು. ಇಷ್ಟು ವರ್ಷ ಇಲಾಖೆಯೊಂದಿಗೆ ಏಗಿದವರಿಗೆ ದೊಡ್ಡ ಸಾಹೇಬರ ಸೂತ್ರ ಗೊತ್ತಿಲ್ಲದೆ ಇರಲು ಸಾಧ್ಯವೇ? ನಾನು ಹತ್ತಿರ ಹೋಗಿ ಕೈಮುಗಿದು, "ದೊಡ್ಡ ಉಪಕಾರ ಮಾಡಿದಿರಿ" ಎಂದೆ.

"ಏನ್ ಉಪಕಾರ ಕಣ್ರೀ? ನಂಗೆ ಆಳು ಬೇಕಾಗಿದ್ದು ನಿಜ್ವೇ" ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಮುನಿಶಾಮಪ್ಪ ಬಗ್ಗಿ ಕಾಲು ಮುಟ್ಟಲು ಹೋದ. "ಏಯ್, ದೂರ ನಿಂತ್ಕಳೋ. ಸುಳಿದ್ರೆ ಇವ್ರನ್ನ ಕೇಳ್ತಾರಂತೆ, ಕೇಳ್ಲಿಲ್ವಾ?" ಎಂದು ಗದ್ದದಿಂದ ನನ್ನನ್ನು ತೋರಿಸಿ ಮೆಟ್ಟಿಲಿಳಿದು ಹೋದರು. ಬೇಕೆಂದೇ ಹಾಗೆ ಹೇಳಿದರೋ, ನಿಜವಾಗಿ ಆಳಿಗಾಗಿಯೇ ಬಂದಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಅದರ ಬಗ್ಗೆಯೂ ಆಗಾಗ ಚಿಂತೆ ಮಾಡುತ್ತೇನೆ.

ಇದರಿಂದ ಇಲಾಖೆ ಕಲಿತ ಪಾಠವೇನು ಎಂದು ನೀವು ಕೇಳಬಹುದು. ಹೊಸ ಸುತ್ತೋಲೆ ಬಂತು. ಇನ್ನು ಮುಂದೆ ಸಂಘಗಳ ಗುದ್ದಲಿ ಪೂಜೆಗೆ ಓವರ್ಸಿಯರ್ ಖುದ್ದಾಗಿ ಹಾಜರಿದ್ದು, ಮೊದಲ ಗುದ್ದಲಿ ಹಾಕಿದವರು ಯಾರು ಎಂದು ಬರೆದು ಕಳಿಸತಕ್ಕದ್ದು. ಆಮೇಲೆ ವರ್ಷಗಟ್ಟಲೆ ಹೆಬ್ಬಾಳ, ಯಶವಂತಪುರ, ಯಲಹಂಕ ಎಂದು ಪೂಜೆಗಳಿಗೆ ಅಲೆದೆ. ತೆಂಗಿನಕಾಯಿ ಹೋಳು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಬರುತ್ತಿದ್ದ ನನ್ನನ್ನು ಹೊಸಬರು ಪುರೋಹಿತರೆಂದೇ ತಿಳಿದು ಮದುವೆ ಮುಹೂರ್ತ ಕೇಳಿದ್ದೂ ಉಂಟು. ಮತ್ತೆ, ಆ ದರ್ಜಿ? ಅವನು ಎಲ್ಲ ಪೂಜೆಗಳಲ್ಲೂ ನಿಯಮದ ಪ್ರಕಾರವೇ ಗುದ್ದಲಿ ಹಾಕಿದ. ವರದಿಯಲ್ಲಿ ಹಾಗೇ ಬರೆದೆ. ಬೇರೇನು ಬರೆಯಲಿ?

ಸಿಂಗಾಪುರದ ಕೆಲಸಕ್ಕೆ ಮತ್ತೆ ಬರುತ್ತೇನೆ. ಲಾರಿ ಹತ್ತಿದ್ದವರು ಇಳಿದು ಬಂದರು. ಅಷ್ಟರಲ್ಲಿ ಒಂದು ಮಳೆ ಬಿದ್ದು ಗೆರೆ ಅಳಿಸಿಹೋಗಿತ್ತು, ಮತ್ತೆ ಎಳೆದೆವು. ಪಾಯ ಮೇಲೆದ್ದು, ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗ ಮೊದಲ ಅಳತೆ ತೆಗೆದುಕೊಳ್ಳಲು ಹೋದೆ. ಆ ಸಲ ಟೇಪು ಮರೆತಿರಲಿಲ್ಲ. ಒಂದು ತುದಿ ಲಕ್ಕಮ್ಮ ಹಿಡಿದಳು, ಇನ್ನೊಂದು ತುದಿ ನಾನು. ಉದ್ದ, ಅಗಲ, ಎತ್ತರ ಬರೆದುಕೊಂಡೆ. ಇಲಾಖೆಯ ಕ್ರಮದಂತೆ ಅಳತೆ ಒಪ್ಪಿದ್ದೇನೆ ಎಂದು ಕೆಲಸ ಹಿಡಿದವರು ಅಲ್ಲೇ ರುಜು ಹಾಕಬೇಕು.

ಅಳತೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಎಂದಿನ ಅಭ್ಯಾಸದಲ್ಲಿ, "ಕಂಟ್ರಾಕ್ಟರು ಯಾರ್ರೀ, ಬನ್ನಿ, ಒಂದು ರುಜು ಹಾಕಿ" ಎಂದು ಕೂಗಿದೆ.

ಬಾಂಡ್ಲಿ ಹೊತ್ತವರು, ಕಲ್ಲು ಕೂರಿಸುತ್ತಿದ್ದವರು, ಎಲ್ಲರೂ ಕೈ ನಿಲ್ಲಿಸಿ ಹಿಂದೆ ತಿರುಗಿ ದಾರಿಯ ಕಡೆ ನೋಡಿದರು. ಮುನಿಶಾಮಪ್ಪನೂ ತಲೆಗೆ ಕಟ್ಟಿದ್ದ ಟವೆಲ್ಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ದೊಡ್ಡವರು ಯಾರೋ ಬರುತ್ತಿದ್ದಾರೆಂಬಂತೆ ಗೋಡೆಯ ಪಕ್ಕಕ್ಕೆ ಸರಿದು ನಿಂತ. ದಾರಿಯಲ್ಲಿ ಯಾರೂ ಬರಲಿಲ್ಲ. ದೂರದಲ್ಲಿ ಒಂದು ಎತ್ತಿನಗಾಡಿ ಮಾತ್ರ ಹೋಗುತ್ತಿತ್ತು.

ಲಕ್ಕಮ್ಮ ಟೇಪಿನ ತುದಿಯಿಂದಲೇ ಗಂಡನ ಭುಜಕ್ಕೆ ಒಂದೇಟು ಹಾಕಿದಳು.

"ಯಾರನ್ನ ನೋಡ್ತಾ ನಿಂತಿದೀಯಾ ಮೂದೇವಿ? ನಿನ್ನೇ ಕಣೋ ಕೂಗ್ತಿರಾದು! ಓಗು, ರುಜು ಆಕು."